ಕಡ್ಲೆಪುರಿಯೂ ನನ್ನ ಐವತ್ತು ನಿಮಿಷವೂ

ನೀರಿನೊಳಗೆ ನನ್ನ ಗಾಳಿ ಬೇಗ ಮುಗಿಯುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಪ್ರತಿ ಸಲ ಮುಳುಗಿ ಎದ್ದ ಮೇಲೆ ಎಷ್ಟು ಆಳ, ಎಷ್ಟು ನಿಮಿಷ, ಸಿಲಿಂಡರಿನಲ್ಲಿ ಎಷ್ಟು ಉಳಿಯಿತು ಎಂದು ಬರೆದಿಡುವ ಪುಸ್ತಕವೊಂದಿದೆ, ಅದರಲ್ಲಿದೆ. ಎಸಿ ಫಿಲ್ಟರ್ ಯಾವತ್ತು ಬದಲಾಯಿಸಿದೆ, ಮೊಸರಿಗೆ ಹೆಪ್ಪು ಯಾವಾಗ ಹಾಕಿದೆ ಎಂದು ಬರೆದಿಡುವ ನನಗೆ ಇದೇನು ದೊಡ್ಡ ಕೆಲಸವಲ್ಲ. ನಮ್ಮ ಯಜಮಾನರದು ಬೇರೆ ರೀತಿ. ಅವರು ನೀರಿಗಿಳಿದರೆ ಕೈಕಾಲು ಬಡಿಯುತ್ತಾರೆ, ಕಂಡಕಂಡದ್ದನ್ನೆಲ್ಲ ಬೆರಳು ಮಾಡಿ ತೋರಿಸುತ್ತಾರೆ, ಬುಸುಬುಸು ಉಸಿರು ಬಿಡುತ್ತಾರೆ. ಇಪ್ಪತ್ತೈದು ಇಪ್ಪತ್ತಾರು ನಿಮಿಷಕ್ಕೆ ಅವರ ಗಾಳಿ ತಳ ಹಿಡಿಯುತ್ತದೆ. ಸ್ಕೂಬಾದಲ್ಲಿ ಜೋಡಿಯಾಗಿ ಇಳಿಯಬೇಕು, ಜೋಡಿಯಾಗಿಯೇ ಮೇಲೆ ಬರಬೇಕು. ಒಬ್ಬರದು ಮುಗಿದರೆ ಇಬ್ಬರದೂ ಮುಗಿದ ಹಾಗೆ. ಒಳ್ಳೆಯ ನಿಯಮ, ಜೀವ ಉಳಿಸುವ ನಿಯಮ. ಆದರೆ ಹದಿನಾಲ್ಕು ಸಲ ಇಳಿದು, ಹದಿನಾಲ್ಕು ಸಲವೂ ಅರ್ಧ ಸಿಲಿಂಡರ್ ಗಾಳಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ವಾಪಸ್ ಬಂದವಳು ನಾನು.

ಇದನ್ನು ಬರೆಯಲು ಕಾರಣವಿದೆ. ಮೆಡಿಟರೇನಿಯನ್ನಿನ ಸಂರಕ್ಷಿತ ನೀರಿನಲ್ಲಿ ಒಬ್ಬ ಆಂಟಿ ಮೀನಿಗೆ ಕಡ್ಲೆಪುರಿ ಹಾಕಿ ಬೈಸಿಕೊಂಡರು ಎಂಬ ಕಥೆ ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳ ಕನ್ನಡದವರ ಮನೆಗಳಲ್ಲಿ ಓಡಾಡುತ್ತಿದೆ. ನಾನೇ ಹೋಳಿಗೆ ಬಡಿಸುತ್ತಾ ನಿಂತಿದ್ದಾಗ ನನ್ನ ಎದುರೇ ಒಬ್ಬರು ಅದನ್ನು ಹೇಳಿ ನಕ್ಕರು. ಆ ಆಂಟಿ ನಾನು. ಆದರೆ ಪುರಿ ಹಾಕಿದವಳು ನಾನಲ್ಲ. ನಡೆದದ್ದು ಹೀಗೆ.

ಯಜಮಾನರ ಇಂಜಿನಿಯರಿಂಗ್ ಕಾಲದ ಗೆಳೆಯರೊಬ್ಬರು ಡಾಲಸ್ ಪಕ್ಕದ ಮೆಕಿನ್ನಿಯಲ್ಲಿದ್ದಾರೆ. ಅವರಿಗೆ ಐವತ್ತು ತುಂಬುವ ದಿನ ಸಮುದ್ರದ ಅಡಿಯಲ್ಲಿರಬೇಕೆಂದು ಆಸೆ ಹುಟ್ಟಿತು. ವಾಟ್ಸಾಪಿನಲ್ಲಿ ಒಂದು ಗುಂಪು ಶುರುವಾಯಿತು. ಮೆಕಿನ್ನಿಯ ದಂಪತಿ, ಹ್ಯೂಸ್ಟನ್ನಿನಿಂದ ಧಾರವಾಡ ಕಡೆಯ ದಂಪತಿ, ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನಿಂದ ನಾವಿಬ್ಬರು. ಸ್ಕೂಬಾ ಕ್ಲಾಸಿಗೆ ನಾನು ಮೊದಲು ಹೋದದ್ದು ಬ್ಯಾಗು ಕಾಯಲು. ಈಜುಕೊಳದಲ್ಲಿ ಕಲಿಸುವವನು, ಸುಮ್ಮನೆ ಕೂತಿದ್ದೀರಲ್ಲ, ನೀವೂ ಇಳಿಯಿರಿ ಎಂದ. ಇಳಿದೆ. ಆಮೇಲೆ ಆಸ್ಟಿನ್ ಪಕ್ಕದ ಲೇಕಿನಲ್ಲಿ ಅಭ್ಯಾಸ. ಹಸಿರು ನೀರು, ಕೆಸರು, ಚಾಚಿದ ಕೈ ಕಾಣುವುದೇ ಕಷ್ಟ. ಯಾರೋ ಮುಳುಗಿಸಿಟ್ಟ ಹಳೆಯ ದೋಣಿಯೊಂದನ್ನು ಎಲ್ಲರೂ ಸರದಿಯ ಮೇಲೆ ಮುಟ್ಟಿ ಬರುತ್ತಿದ್ದೆವು. ಆದರೂ ಕೆಳಗೆ ಹೋದ ತಕ್ಷಣ ಫೋನಿಲ್ಲ, ಕುಕ್ಕರ್ ಕೂಗಿಲ್ಲ, "ನನ್ನ ಬ್ಲೂ ಫೈಲ್ ನೋಡಿದ್ಯಾ?" ಇಲ್ಲ. ನನ್ನ ಉಸಿರಿನ ಸದ್ದು ಮಾತ್ರ. ನಲವತ್ತೆಂಟನೆಯ ವಯಸ್ಸಿನಲ್ಲಿ ನನಗೊಂದು ವಿದ್ಯೆ ಹತ್ತಿತು, ಚೆನ್ನಾಗಿಯೇ ಹತ್ತಿತು.

ಪ್ರಯಾಣದ ಕಾಗದಪತ್ರದ ಕೆಲಸ ನನ್ನ ತಲೆಗೇ ಬಂತು. ನಾವು ಹೊರಟದ್ದು ಇಟಲಿಯ ಒಂದು ದ್ವೀಪಕ್ಕೆ, ತೀರಾ ಚಿಕ್ಕದು. ಒಂದು ಊರು, ಒಂದು ಬಂದರು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದೇ ಹೋಗಬಹುದು. ಸುತ್ತಲಿನ ನೀರಿಗೆ ಕಾವಲಿದೆ. ಅಲ್ಲಿ ಮೀನು ಹಿಡಿಯುವಂತಿಲ್ಲ, ಲಂಗರು ಹಾಕುವಂತಿಲ್ಲ, ಗೈಡ್ ಇಲ್ಲದೆ ಇಳಿಯುವಂತಿಲ್ಲ. ಏನನ್ನೂ ಮುಟ್ಟಬಾರದು, ಏನನ್ನೂ ತರಬಾರದು, ಮೀನಿಗೆ ಏನನ್ನೂ ತಿನ್ನಿಸಬಾರದು. ಈ ಮೂರು ಸಾಲನ್ನು ಕನ್ನಡದಲ್ಲಿ ಟೈಪ್ ಮಾಡಿ ಗುಂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಮೆಕಿನ್ನಿಯವರು ಎರಡು ಹೆಬ್ಬೆರಳು ಎತ್ತಿದರು. ಇದು ನೆನಪಿರಲಿ.

ಹೊರಡುವ ಹಿಂದಿನ ದಿನ ಇರ್ವಿಂಗ್‌ನ ಅಂಗಡಿಯಲ್ಲಿ ಪುರಿ ಕೊಂಡು, ಮೆಕಿನ್ನಿಯ ಅವರ ಅಡುಗೆಮನೆಯಲ್ಲೇ ಒಗ್ಗರಣೆ ಹಾಕಿದೆ. ಅರಿಶಿನ, ಕಡ್ಲೆಬೀಜ, ಹುರಿಗಡಲೆ, ಕರಿಬೇವು, ಬೆಳ್ಳುಳ್ಳಿ. ದೋಣಿಯ ಮೇಲೆ ತಿನ್ನಲು. ನೀರಿನಿಂದ ಎದ್ದವರಿಗೆ ಉಪ್ಪುಖಾರ ಬೇಕೆನಿಸುತ್ತದೆ, ಲೇಕಿನಲ್ಲಿ ನೋಡಿದ್ದೆ. ಆರು ಜಿಪ್ ಚೀಲ, ತಲೆಗೊಂದು.

ದ್ವೀಪದಲ್ಲಿ ಮೊದಲ ದಿನ ಬೆಳಿಗ್ಗೆ ಬಂದರಿನ ಹೊರಗೆ ಒಂದು ಪರೀಕ್ಷೆಯ ಮುಳುಗು. ಗೈಡ್ ಒಬ್ಬಳು ಹೆಂಗಸು, ಮೂವತ್ತೈದಿರಬಹುದು, ಬಿಸಿಲಿಗೆ ಒಣಗಿದ ಮುಖ, ಮಾತು ಕಡಿಮೆ. ದೋಣಿ ಹತ್ತಿದ ಮೇಲೆ ಒಬ್ಬೊಬ್ಬರ ಗೇಜನ್ನೂ ಹಿಡಿದು ನೋಡಿದಳು. ಅಲ್ಲಿ ಗಾಳಿಯ ಲೆಕ್ಕ ಇನ್ನೂರರಿಂದ ಶುರು, ಐವತ್ತಕ್ಕೆ ಮೇಲೆ ಬರಬೇಕು. ನಮ್ಮವರದು ನಲವತ್ತೈದು. ನನ್ನದು ನೂರ ಇಪ್ಪತ್ತು. ಅವಳು ಇನ್ನೊಮ್ಮೆ ಬಗ್ಗಿ ನೋಡಿದಳು.

"ನಾಳೆ ಕಾವಲಿನ ನೀರಿನ ಒಳಗಿನ ಬಂಡೆಗೆ ಹೋಗುತ್ತೇವೆ. ನೀವು ನನ್ನ ಜೋಡಿ. ಇವರು ಅವರ ಗೆಳೆಯರ ಜೊತೆ ಬರಲಿ, ಬೇಗ ಮೇಲೆ ಹೋಗಲಿ. ನಾವಿಬ್ಬರು ಬಂಡೆಯ ಆ ಕಡೆಗೂ ಹೋಗಿಬರೋಣ. ಐವತ್ತು ನಿಮಿಷ."

ಐವತ್ತು ನಿಮಿಷ. ಬಂಡೆಯ ಆ ಕಡೆಗೆ ಗುಹೆಯಂಥ ಜಾಗವಿದೆ, ಅಲ್ಲಿ ಗ್ರೂಪರ್ ಎಂಬ ದಪ್ಪ ತುಟಿಯ ದೊಡ್ಡ ಮೀನುಗಳು ವರ್ಷಗಟ್ಟಲೆ ಅದೇ ಗೂಡಿನಲ್ಲಿ ವಾಸ ಮಾಡುತ್ತವೆ, ಓಡಿಹೋಗುವುದಿಲ್ಲ ಎಂದು ಅವಳು ಹೇಳಿದಳು. ನಮ್ಮವರು, "ಪರವಾಗಿಲ್ವೇ, ಪ್ರಮೋಷನ್ನು!" ಎಂದು ನಕ್ಕರು. ನಾನೂ ನಕ್ಕೆ. ಮದುವೆಯಾದ ಮೇಲೆ ಯಾರಾದರೂ ನನ್ನೊಬ್ಬಳ ಕೆಲಸ ನೋಡಿ ನನ್ನೊಬ್ಬಳನ್ನೇ ಆರಿಸಿದ್ದು ಅದೇ ಮೊದಲು. ಊಟದ ಹೊತ್ತಿನಲ್ಲಿ ಮೂರು ಸಲ ಕೈಗಡಿಯಾರ ನೋಡಿಕೊಂಡೆ, ನಾಳೆಗೆ ಇನ್ನೆಷ್ಟು ಹೊತ್ತು ಎಂದು.

ಮಧ್ಯಾಹ್ನ ಕಾವಲಿನ ನೀರಿನೊಳಗೆ ಮೊದಲ ಸಲ ಇಳಿದೆವು. ಹದಿನೈದು ಮೀಟರ್. ನೀರು ಎಷ್ಟು ತಿಳಿ ಎಂದರೆ ಮೇಲೆ ನಿಂತ ದೋಣಿಯ ಹೊಟ್ಟೆ ಕಾಣುತ್ತಿತ್ತು. ಕೆಳಗೆ ಕಡಲ ಹುಲ್ಲು ಒಂದೇ ಸಮನೆ ತೂಗುತ್ತಿತ್ತು. ನಾನು ಗೈಡಿನ ಬಲಗಡೆ. ಅಷ್ಟರಲ್ಲಿ ಎಡಗಡೆಯಿಂದ ಒಂದು ಹಳದಿ ಮೋಡ ಎದ್ದಿತು.

ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖದ ಮುಂದೆ ಒಂದು ಕರಿಬೇವಿನ ಎಲೆ ತೇಲಿಹೋಯಿತು.

ಮೆಕಿನ್ನಿಯವರು ಜಾಕೆಟ್ಟಿನ ಜೇಬಿನಲ್ಲಿ ಪುರಿಯ ಚೀಲ ಇಟ್ಟುಕೊಂಡು ಇಳಿದಿದ್ದರು. ನೀರಿನ ಒತ್ತಡಕ್ಕೆ ಮುದುಡಿ ಮುದ್ದೆಯಾಗಿದ್ದ ಚೀಲವನ್ನು ಬಿಚ್ಚಿ, ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಹಾಕುವ ಹಾಗೆ ಬೆರಳು ಉದುರಿಸುತ್ತಿದ್ದರು. ಎಲ್ಲಿದ್ದವೋ, ಬೆಳ್ಳಿ ಬಣ್ಣದ ಮೀನುಗಳು ನೂರಾರು ಬಂದವು. ಒಂದರ ಮೇಲೊಂದು ಬಿದ್ದವು. ಒಂದು ಅವರ ಕೈಯನ್ನೇ ಕಚ್ಚಿತು. ಅವರು ಖುಷಿಯಿಂದ ಕ್ಯಾಮೆರಾ ತೆಗೆದರು. ಗೈಡ್ ಮೀನಿನ ಗುಂಪನ್ನು ಸೀಳಿಕೊಂಡು ಹೋಗುವಷ್ಟರಲ್ಲಿ ಚೀಲ ಅವರ ಕೈಬಿಟ್ಟು ತೇಲುತ್ತಿತ್ತು, ಅವಳು ಅದನ್ನು ಹಿಡಿದುಕೊಂಡು ಹೆಬ್ಬೆರಳನ್ನು ಮೇಲಕ್ಕೆ ತೋರಿಸಿದಳು. ನೀರಿನಲ್ಲಿ ಅದರ ಅರ್ಥ ಶಭಾಷ್ ಎಂದಲ್ಲ, ಮುಗಿಯಿತು, ಎಲ್ಲರೂ ಮೇಲೆ ಬನ್ನಿ ಎಂದು.

ದೋಣಿಯಲ್ಲಿ ಅವಳು ಒದ್ದೆ ಚೀಲವನ್ನು ಹಲಗೆಯ ಮೇಲಿಟ್ಟಳು. ಕೂಗಾಡಲಿಲ್ಲ. ಕೈಯಿಂದ ತಿಂದು ಅಭ್ಯಾಸವಾದ ಮೀನು ದೋಣಿಗಳ ಹಿಂದೆ ಹೋಗುತ್ತದೆ, ದೋಣಿಯ ಹಿಂದೆ ಹೋದರೆ ಕಾವಲಿನ ಗಡಿ ದಾಟುತ್ತದೆ, ಗಡಿಯಾಚೆ ಬಲೆ ಇದೆ, ಇಷ್ಟು ಹೇಳಿದಳು. ಆಮೇಲೆ ಕೇಳಿದಳು, "ಇದು ಯಾರದು?"

ಎಲ್ಲರೂ ನನ್ನ ಕಡೆ ನೋಡಿದರು. ಐದು ತಲೆಗಳು ಒಟ್ಟಿಗೆ ತಿರುಗಿದವು, ಮನೆಯಲ್ಲಿ ಏನಾದರೂ ಕಾಣೆಯಾದಾಗ ತಿರುಗುವ ಹಾಗೆ.

ನಮ್ಮವರು ಕನ್ನಡದಲ್ಲಿ, ತುಟಿ ಹೆಚ್ಚು ಅಲ್ಲಾಡಿಸದೆ, "ನಂದು ಅಂತ ಹೇಳ್ಬಿಡು. ನಿಂಗೆ ರೂಲ್ಸ್ ಗೊತ್ತಿರ್ಲಿಲ್ಲ ಅಂತ ಬಿಟ್ಬಿಡ್ತಾಳೆ," ಎಂದರು.

"ರೂಲ್ಸ್ ಬರೆದು ಹಾಕಿದ್ದೇ ನಾನಲ್ವೇನ್ರೀ?"

"ಅಯ್ಯೋ, ಈಗ ಅದೆಲ್ಲ ಬೇಡ. ನಾಳೆ ಅವನ ಬರ್ತ್‌ಡೇ ಕಣೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಮೆಕಿನ್ನಿಯವರು ಕಾಲಿಗೆ ಕಟ್ಟಿದ್ದ ಫಿನ್ಸ್ ಬಿಚ್ಚುವುದರಲ್ಲಿ ತಲ್ಲೀನರಾಗಿದ್ದರು. ಅಷ್ಟು ಹೊತ್ತು ಫಿನ್ಸ್ ಬಿಚ್ಚಿದವರನ್ನು ನಾನು ಕಂಡಿಲ್ಲ.

ನಾನು "ಹೌದು, ನನ್ನದು," ಎಂದೆ. ಚೀಲ ನನ್ನದೇ ಆಗಿತ್ತಲ್ಲ. ಒಗ್ಗರಣೆಯೂ ನನ್ನದೇ. ಹಾಗೆ ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಇಪ್ಪತ್ನಾಲ್ಕು ವರ್ಷ ಮಾಡಿಕೊಂಡು ಬಂದ ಕೆಲಸ, ಬಾಯಿ ತಾನಾಗಿ ತೆರೆದುಕೊಂಡಿತು.

ಗೈಡ್ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ನಾಳೆ ನೀವು ಇಳಿಯುವಂತಿಲ್ಲ," ಎಂದಳು.

ನಮ್ಮವರು ಏನಾದರೂ ಹೇಳುತ್ತಾರೆಂದು ಕಾದೆ. ಅವರು ದೋಣಿಯ ಅಂಚಿನಾಚೆ ನೋಡಿದರು. ಇಷ್ಟು ದೂರ ಹೋಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಗೊತ್ತಾದ ಮೇಲೂ ಸುಮ್ಮನಿದ್ದರು, ಇದನ್ನು ಒಪ್ಪುವುದಿಲ್ಲ. ಹ್ಯೂಸ್ಟನ್ನಿನವರು ವಾತಾವರಣ ತಿಳಿ ಮಾಡಲು, "ಏನ್ ವೈನಿ, ಇಟಲಿ ಮೀನಿಗೂ ನಿಮ್ ಕೈ ಚುರುಮರಿ ಹತ್ತಿಬಿಡ್ತಲ್ರೀ!" ಎಂದರು. ದೋಣಿ ತುಂಬ ನಗು. ಆ ಕಥೆ ಹುಟ್ಟಿದ್ದು ಅಲ್ಲಿ, ಆ ನಗುವಿನಲ್ಲಿ.

ಸಂಜೆ ಮೆಕಿನ್ನಿಯವರ ಹೆಂಡತಿ ನಮ್ಮ ರೂಮಿಗೆ ಬಂದು ಬಾಗಿಲಲ್ಲೇ ನಿಂತರು. "ಸಾರಿ ಅಕ್ಕಾ. ಅವ್ರು ಚಿಕ್ಕವರಿದ್ದಾಗ ಅವರಜ್ಜಿ ಜೊತೆ ಶೃಂಗೇರಿಗೆ ಹೋಗ್ತಿದ್ರಂತೆ. ಮೀನಿಗೆ ಹಾಕಿದ್ರೆ ಪುಣ್ಯ ಅಂತ. ಐವತ್ತು ತುಂಬೋ ಹೊತ್ತಿಗೆ ಹಾಕ್ಬೇಕು ಅಂತ ಮನಸ್ಸಲ್ಲಿತ್ತಂತೆ. ಅವ್ರು ಹಾಗೇ."

"ಪುಣ್ಯ ಅವ್ರಿಗೆ, ಶಿಕ್ಷೆ ನಂಗಾ?" ಎಂದೆ.

ಅವರು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು. ಪಾಪ, ಅವರದೇನು ತಪ್ಪು? ಆದರೆ ಆ ಸಂಜೆ ನನಗೆ ಯಾರ ಮೇಲೂ ಪಾಪ ಎನಿಸಲಿಲ್ಲ.

ಯೂನಿವರ್ಸಿಟಿಯಲ್ಲಿರುವ ಮಗಳು ಫೋನ್ ಮಾಡಿದಳು. ಎಲ್ಲ ಹೇಳಿದೆ. ನಾನು ಕನ್ನಡದಲ್ಲಿ ಹೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಪದ್ಧತಿ. "ಅಮ್ಮಾ, ವೈ ಡಿಡ್ ಯು ಸೇ ಯೆಸ್?" ಎಂದಳು. ಅಪ್ಪ ಹೇಳಿದರು ಎಂದೆ. "ಓ," ಎಂದಳು. ಆ ಒಂದಕ್ಷರಕ್ಕೆ ನನ್ನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಇವಳಿಗೆ ನಾನು ಕಲಿಸಿದ್ದು ಇದನ್ನೇ?

ಮರುದಿನ ಎಲ್ಲರೂ ಏಳುವ ಮುಂಚೆ ಬಂದರಿಗೆ ನಡೆದೆ. ಗೈಡ್ ಸಿಲಿಂಡರುಗಳನ್ನು ದೋಣಿಗೆ ಏರಿಸುತ್ತಿದ್ದಳು.

"ನಿನ್ನೆ ನಾನು ಹೇಳಿದ್ದು ಸುಳ್ಳು. ಪುರಿ ಮಾಡಿದವಳು ನಾನು. ಕೆಳಗೆ ತಂದವಳು ನಾನಲ್ಲ," ಎಂದೆ. ಯಾರು ತಂದದ್ದು ಎಂದೂ ಹೇಳಿದೆ. ರಾತ್ರಿಯಿಡೀ ಆ ಇಂಗ್ಲಿಷ್ ವಾಕ್ಯಗಳನ್ನು ಜೋಡಿಸಿಟ್ಟಿದ್ದೆ.

"ಗೊತ್ತು," ಎಂದಳು. "ನೀವು ನನ್ನ ಬಲಗಡೆ ಇದ್ದಿರಿ."

"ಗೊತ್ತಿದ್ದೂ ನನ್ನನ್ನು ಯಾಕೆ ತಡೆದಿರಿ?"

ಅವಳು ಸಿಲಿಂಡರನ್ನು ಕೆಳಗಿಟ್ಟಳು. "ಅಲ್ಲಿ ಕೆಳಗೆ ನಾನು ನಿಮ್ಮ ಗಾಳಿ ಎಷ್ಟಿದೆ ಎಂದು ಕೇಳುತ್ತೇನೆ. ನೀವು ಬೆರಳಿನಲ್ಲಿ ಹೇಳುತ್ತೀರಿ. ಅದನ್ನು ನಂಬಿ ನಾನು ನಿಮ್ಮನ್ನು ಗುಹೆಯ ಕಡೆಗೆ ಕರೆದುಕೊಂಡು ಹೋಗುತ್ತೇನೆ. ತಲೆ ಸುತ್ತುತ್ತಿದೆಯಾ ಎಂದು ಕೇಳುತ್ತೇನೆ. ಬೇರೆಯವರಿಗೆ ಬೇಸರವಾಗುತ್ತದೆಂದು ನೀವು ಅಲ್ಲೂ 'ಎಲ್ಲ ಸರಿ ಇದೆ' ಎಂದುಬಿಟ್ಟರೆ?"

ಕೋಪ ಬಂತು. ಅವಳ ಮೇಲೆ ಬಂತು, ಏಕೆಂದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ನಮ್ಮಲ್ಲಿ ಇದಕ್ಕೆ ಹೊಂದಿಕೊಂಡು ಹೋಗುವುದು ಎನ್ನುತ್ತಾರೆ, ಒಳ್ಳೆಯ ಗುಣ ಎನ್ನುತ್ತಾರೆ, ಮದುವೆಯ ಮಾತುಕತೆಯಲ್ಲಿ ಇದನ್ನೇ ಮೊದಲು ಕೇಳುತ್ತಾರೆ ಎಂದು ಅವಳಿಗೆ ವಿವರಿಸಲೇ? ಬಂದರಿನಲ್ಲಿ, ಬೆಳಿಗ್ಗೆ ಬೆಳಿಗ್ಗೆ?

"ಇಳಿಯಬಹುದು," ಎಂದಳು ಕೊನೆಗೆ. "ನಿಮ್ಮ ಗಂಡನ ಜೋಡಿಯಾಗಿ. ನನ್ನ ಜೊತೆ ಬೇಡ. ಪುರಿ ತಂದವರು ದೋಣಿಯಲ್ಲೇ ಇರಲಿ."

ಗೈಡ್ ಫೋನ್ ಮಾಡಿದ್ದರಿಂದ ತಿಂಡಿಯ ಮೇಜಿನ ಹತ್ತಿರ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಮೆಕಿನ್ನಿಯವರು ಕಾಫಿ ಲೋಟ ಕೆಳಗಿಟ್ಟು, "ಏನತ್ತಿಗೆ, ಕಂಪ್ಲೇಂಟ್ ಕೊಟ್ಬಿಟ್ರಂತೆ?" ಎಂದರು.

"ಕಂಪ್ಲೇಂಟ್ ಅಲ್ಲ. ನಡೆದದ್ದು ಹೇಳ್ದೆ."

"ಎರಡು ಹಿಡಿ ಪುರಿ ಅತ್ತಿಗೆ. ಎರಡು ಹಿಡಿ!"

"ಎರಡು ಹಿಡೀನೇ ಅಲ್ವಾ? ಹಾಗಿದ್ರೆ ನಿನ್ನೆ ನೀವೇ ಹೇಳ್ಬಹುದಿತ್ತಲ್ಲ."

ನಮ್ಮವರು ನಡುವೆ ಬಾಯಿ ಹಾಕಿದರು. "ಬಿಡೇ, ಬರ್ತ್‌ಡೇ ದಿನ ಅವನ ಮೂಡ್ ಹಾಳು ಮಾಡ್ಬೇಡ. ಒಂದು ಡೈವ್ ತಾನೇ ನಿಂಗೆ ಹೋಗ್ತಿದ್ದದ್ದು?"

"ಅವ್ರಿಗೂ ಒಂದೇ ತಾನೇ ರೀ ಈಗ ಹೋಗೋದು?" ಎಂದೆ. ಹ್ಯೂಸ್ಟನ್ನಿನವರ ಹೆಂಡತಿ, ನೀರಿಗೇ ಇಳಿಯದೆ ದೋಣಿಯಲ್ಲಿ ಟವೆಲ್ ಕಾಯುತ್ತಿದ್ದವರು, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ತಗ್ಗಿದ ದನಿಯಲ್ಲಿ, "ಖರೇನ ಅದರಿ," ಎಂದರು. ಅವರ ಯಜಮಾನರು ಅವರ ಕಡೆ ತಿರುಗಿ ನೋಡಿದರು. ಆಕೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ.

ಒಳಗಿನ ಬಂಡೆಗೆ ಇಳಿದೆವು. ನಾನು, ನಮ್ಮವರು, ಹ್ಯೂಸ್ಟನ್ನಿನವರು, ಮೆಕಿನ್ನಿಯವರ ಹೆಂಡತಿ, ಗೈಡ್. ಬಂಡೆ ನೀರಿನೊಳಗೆ ಗೋಡೆಯ ಹಾಗೆ ಇಳಿದಿತ್ತು. ಅದರ ತುಂಬ ನೇರಳೆ, ಕಿತ್ತಳೆ, ಹಳದಿ, ಯಾರೋ ಕುಂಚದಿಂದ ಚಿಮುಕಿಸಿದ ಹಾಗೆ. ಹದಿನೆಂಟು ಮೀಟರಿನಲ್ಲಿ ಮೊದಲನೆಯ ಗ್ರೂಪರ್ ಕಂಡಿತು. ಹಿಟ್ಟಿನ ಮೂಟೆಯಷ್ಟು ದೊಡ್ಡದು, ಚುಕ್ಕೆ ಚುಕ್ಕೆ. ತನ್ನ ಗೂಡಿನ ಬಾಗಿಲಲ್ಲಿ ನಿಂತು, ಜಗಲಿಯ ಮೇಲೆ ಕೂತ ಹಿರಿಯರ ಹಾಗೆ, ನಾವು ಯಾರೆಂದು ನೋಡಿತು. ಓಡಲಿಲ್ಲ. ನಾನು ಕೈಗಳನ್ನು ಎದೆಗೆ ಕಟ್ಟಿಕೊಂಡು ಅಲ್ಲಾಡದೆ ನಿಂತೆ. ಅದು ಒಂದಡಿ ಮುಂದೆ ಬಂತು. ಇನ್ನೊಂದಡಿ ಬಂತು. ಅದರ ಕಣ್ಣು ತಿರುಗುವುದು ಕಾಣಿಸುತ್ತಿತ್ತು.

ಆಗ ತೋಳಿನ ಮೇಲೆ ಟಪಟಪ ತಟ್ಟಿದರು. ನಮ್ಮವರು. ಗೇಜನ್ನು ನನ್ನ ಮಾಸ್ಕಿನ ಗಾಜಿಗೆ ತಾಗುವಂತೆ ಹಿಡಿದಿದ್ದರು. ಐವತ್ತೈದು. ಇಪ್ಪತ್ತೇಳು ನಿಮಿಷ ಆಗಿತ್ತು.

ನನ್ನದು ನೋಡಿಕೊಂಡೆ. ನೂರ ಹದಿನೈದು. ಗೈಡಿನ ಕಡೆ ತಿರುಗಿ ನನ್ನನ್ನೂ ಅವಳನ್ನೂ ತೋರಿಸಿ, ಎರಡು ತೋರುಬೆರಳುಗಳನ್ನು ಒಟ್ಟಿಗೆ ಹಿಡಿದೆ. ನಾನು ನಿಮ್ಮ ಜೊತೆ? ಹಿಂದೆ ಮೆಕಿನ್ನಿಯವರ ಹೆಂಡತಿ ಮತ್ತು ಹ್ಯೂಸ್ಟನ್ನಿನವರು ಒಂದು ಜೋಡಿಯಾಗಿ ಇನ್ನೂ ಆರಾಮವಾಗಿದ್ದರು. ಗೈಡ್ ನನ್ನ ಗೇಜನ್ನು ನೋಡಿದಳು, ನನ್ನನ್ನು ನೋಡಿದಳು. ಬಂಡೆಯ ಆ ಕಡೆಗೆ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ತಲೆ ಅಲ್ಲಾಡಿಸಿ, ಹೆಬ್ಬೆರಳನ್ನು ಮೇಲಕ್ಕೆ ತೋರಿಸಿದಳು. ಜೋಡಿ ಜೋಡಿಯಾಗಿ.

ಅವಳ ಕಡೆ ನ್ಯಾಯವಿತ್ತು. ನಾನು ನಿಯಮ ಮುರಿಯಲಿಲ್ಲ. ಗಂಡನ ಪಕ್ಕದಲ್ಲೇ ನಿಧಾನವಾಗಿ ಮೇಲೆ ಹೋದೆ, ನಿಯಮದ ಪ್ರಕಾರ ಐದು ಮೀಟರಿನಲ್ಲಿ ಮೂರು ನಿಮಿಷ ನಿಂತೆ, ಅವರ ತೋಳು ಹಿಡಿದುಕೊಂಡೆ, ಏಕೆಂದರೆ ಅವರು ಗಾಬರಿಯಲ್ಲಿ ಬೇಗ ತೇಲುತ್ತಾರೆ. ಹಿಡಿದುಕೊಂಡೇ ಅವರನ್ನು ಬೈದೆ. ಬಾಯಲ್ಲಿ ರೆಗ್ಯುಲೇಟರ್ ಕಚ್ಚಿಕೊಂಡು ಬೈದರೆ ಗುಳ್ಳೆ ಮಾತ್ರ ಬರುತ್ತದೆ. ತುಂಬ ಗುಳ್ಳೆ ಬಂತು.

ಮೇಲೆ ಬಂದದ್ದೇ ಅವರು ಮಾಸ್ಕ್ ಹಣೆಗೇರಿಸಿ, "ಸೂಪರ್ ಆಗಿತ್ತಲ್ವಾ?" ಎಂದರು. ಕೆಳಗೆ ಮೂರು ಜನರ ಗುಳ್ಳೆಗಳು ಸಾಲಾಗಿ ಬಂಡೆಯ ಆ ಕಡೆಗೆ ಹೋಗುತ್ತಿದ್ದವು. ನಾನು ಅದನ್ನೇ ನೋಡುತ್ತಿದ್ದೆ.

"ರೀ, ಇನ್ಮೇಲೆ ನೀರಲ್ಲಿ ನಾನು ನಿಮ್ಮ ಜೋಡಿ ಅಲ್ಲ," ಎಂದೆ.

"ಏನು?"

"ಮನೇಲಿ ಸರಿ. ನೀರಲ್ಲಿ ಬೇಡ."

"ಜನ ಏನಂದ್ಕೋತಾರೆ?"

"ಪುರಿ ವಿಷಯದಲ್ಲಿ ಏನಂದ್ಕೊಂಡ್ರೋ ಅದಕ್ಕಿಂತ ಕಡಿಮೆ."

ಅವರು ತಮಾಷೆ ಎಂದುಕೊಂಡರು. ವಾಪಸ್ ಬಂದ ಎರಡನೆಯ ಶನಿವಾರ ನಾನು ಸೀಡರ್ ಪಾರ್ಕಿನಿಂದ ಒಬ್ಬಳೇ ಕಾರಿನಲ್ಲಿ ಲೇಕಿಗೆ ಹೊರಟಾಗ ತಮಾಷೆಯಲ್ಲ ಎಂದು ಗೊತ್ತಾಯಿತು. ಗ್ಯಾರೇಜಿನ ಬಾಗಿಲವರೆಗೂ ಬಂದು, "ಊಟ?" ಎಂದರು. ಅನ್ನ ಕುಕ್ಕರಿನಲ್ಲಿದೆ, ಹುಳಿ ಬಿಸಿ ಮಾಡಿಕೊಳ್ಳಿ ಎಂದೆ. ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದ ಒಬ್ಬ ಅಮೆರಿಕನ್ ಹೆಂಗಸು ಈಗ ನನ್ನ ಜೋಡಿ. ಅವಳದೂ ನನ್ನ ಹಾಗೆ ನಿಧಾನದ ಉಸಿರು. ನೀರಿಗಿಳಿಯುವ ಮುಂಚೆ ಅವಳು ಕೇಳಿದ ಮೊದಲ ಪ್ರಶ್ನೆ, "ಇವತ್ತು ಏನಾದರೂ ಸರಿ ಇಲ್ಲದಿದ್ದರೆ ಈಗಲೇ ಹೇಳು." ಎಡಗಿವಿ ಸ್ವಲ್ಪ ಕಟ್ಟಿದೆ ಎಂದೆ. ಹೇಳಿ ನನಗೇ ಆಶ್ಚರ್ಯವಾಯಿತು. ಸರಿ, ನಿಧಾನವಾಗಿ ಇಳಿಯೋಣ ಎಂದಳು, ಅಷ್ಟೇ. ಆಕಾಶವೇನೂ ಬೀಳಲಿಲ್ಲ.

ಅವತ್ತು ಐವತ್ಮೂರು ನಿಮಿಷ ಕೆಳಗಿದ್ದೆವು. ಮನೆಗೆ ಬಂದಾಗ ನಮ್ಮವರು, "ಏನೇನ್ ನೋಡ್ದೆ?" ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, ಅನ್ಯಾಯ ಹೇಳಬಾರದು.

"ಕೆಸರು," ಎಂದೆ.

ನಿಜ, ಕೆಸರೇ. ಬಣ್ಣ ಬಣ್ಣದ ಗೋಡೆಯಿಲ್ಲ, ಬಾಗಿಲಲ್ಲಿ ನಿಂತು ನೋಡುವ ಮೀನಿಲ್ಲ. ಬಂಡೆಯ ಆ ಕಡೆ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನ ಹೋಗಿಬಂದ ಮೆಕಿನ್ನಿಯವರ ಹೆಂಡತಿಯನ್ನು ಒಂದು ಸಲ ಕೇಳಿದೆ. "ಅಕ್ಕಾ, ನೀವು ನೋಡ್ಬೇಕಿತ್ತು," ಎಂದಷ್ಟೇ ಹೇಳಿ ಮಾತು ಬದಲಾಯಿಸಿದರು. ನಾನು ನೋಡಬೇಕಿತ್ತು. ಒಂದು "ಹೌದು" ಎಂದು ಅದನ್ನು ಕಳೆದುಕೊಂಡೆ. ಹೇಳಿಸಿದವರ ಮೇಲೆ, ಸುಮ್ಮನಿದ್ದವರ ಮೇಲೆ, ಹೇಳಿದ ನನ್ನ ಮೇಲೆ ಕೋಪ ಇನ್ನೂ ಇದೆ, ಅದು ಇರಲಿ ಎಂದೇ ಬಿಟ್ಟಿದ್ದೇನೆ.